ಕೇಳದೆ ಉಳಿದ ಹಣ: ನೋಟಿಸ್ ಬಂದಾಗ ಮನೆಯವರು ಏನು ಮಾಡಬೇಕು?



ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮನೆಯ ಆದಾಯ ಎಷ್ಟು, ದುಡಿಯುವವರು ಎಷ್ಟು ಜನ, ಸಾಲ ಎಷ್ಟು ಎಂದೆಲ್ಲ ಕೇಳುತ್ತೇವೆ. ಮನೆಗೆ ಬರಬೇಕಾದ ಹಣ ಎಲ್ಲಾದರೂ ಉಳಿದಿದೆಯೇ ಎಂದು ಮಾತ್ರ ಯಾವ ಅರ್ಜಿಯೂ ಕೇಳುವುದಿಲ್ಲ. ಆದರೆ ಅಂಥ ಹಣ ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಎಷ್ಟೋ ಮನೆಗಳಿಗೆ ಸೇರಬೇಕಾಗಿರಬಹುದು. ಅಜ್ಜ ಇಟ್ಟ ಠೇವಣಿ, ತೋಟದಲ್ಲಿ ದುಡಿದ ತಂದೆಯ ಪಿಎಫ್, ಅರ್ಧಕ್ಕೆ ನಿಂತ ಎಲ್‌ಐಸಿ ಪಾಲಿಸಿ, ಮಗಳ ಹೆಸರಿಗೆ ಬಂದು ಯಾರೂ ನೋಡದ ಸ್ಕಾಲರ್‌ಶಿಪ್. ಈ ವರ್ಷದ ಪಾಠಕ್ಕೆ ಈ ವಿಷಯವನ್ನೇ ಆರಿಸಿಕೊಂಡಿದ್ದೇವೆ.

ರಿಸರ್ವ್ ಬ್ಯಾಂಕಿನ ಲೆಕ್ಕದಂತೆ, ದೇಶದ ಬ್ಯಾಂಕುಗಳಲ್ಲಿ ಯಾರೂ ಕೇಳದೆ ಉಳಿದು ಅದರ ನಿಧಿಗೆ ಸೇರಿದ ಠೇವಣಿ 2024ರ ಮಾರ್ಚ್ ಅಂತ್ಯಕ್ಕೆ 78,213 ಕೋಟಿ ರೂಪಾಯಿ. ಇದನ್ನು ವಾರಸುದಾರರಿಗೆ ಮುಟ್ಟಿಸಲು ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜಿಲ್ಲೆ ಜಿಲ್ಲೆಗಳಲ್ಲಿ ಅಭಿಯಾನ ನಡೆಸಿತು. ಹಳೆಯ ಖಾತೆಗಳ ಹಣವನ್ನು ಬೇಗ ಮರಳಿಸುವ ಬ್ಯಾಂಕುಗಳಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯನ್ನು ರಿಸರ್ವ್ ಬ್ಯಾಂಕ್ 2026ರ ಸೆಪ್ಟೆಂಬರ್ 30ರವರೆಗೆ ಇಟ್ಟಿದೆ. ಆದ್ದರಿಂದಲೇ ಈಗ ಪತ್ರ, ಎಸ್‌ಎಂಎಸ್, ನೋಟಿಸ್‌ಗಳು ಮನೆಗೆ ಬರುತ್ತಿವೆ. ಕೆಲವರು ಅದನ್ನು ಸಾಲದ ನೋಟಿಸ್ ಎಂದು ಹೆದರಿ ಮಡಚಿಡುತ್ತಾರೆ. ಕೆಲವರು ಮೋಸವೆಂದು ಹರಿದು ಹಾಕುತ್ತಾರೆ. ಎರಡೂ ಬೇಡ. ಹಣ ಕಾಯುತ್ತದೆ, ಆದರೆ ಅದು ಯಾರದೆಂದು ಹೇಳಬಲ್ಲ ಹಿರಿಯರೂ ಹಳೆಯ ಕಾಗದಗಳೂ ಕಾಯುವುದಿಲ್ಲ.

ಹಣ ಎಲ್ಲಿಗೆ ಹೋಗುತ್ತದೆ?

ಉಳಿತಾಯ ಖಾತೆಯಲ್ಲಿ ಎರಡು ವರ್ಷ ಖಾತೆದಾರರ ಕಡೆಯಿಂದ ಯಾವ ವ್ಯವಹಾರವೂ ನಡೆಯದಿದ್ದರೆ ಬ್ಯಾಂಕ್ ಅದನ್ನು ನಿಷ್ಕ್ರಿಯ ಖಾತೆ ಎಂದು ಗುರುತಿಸುತ್ತದೆ. ಹತ್ತು ವರ್ಷ ಹಾಗೇ ಉಳಿದರೆ, ಅಥವಾ ಅವಧಿ ಮುಗಿದ ಠೇವಣಿಯನ್ನು ಹತ್ತು ವರ್ಷ ಯಾರೂ ಕೇಳದಿದ್ದರೆ, ಆ ಮೊತ್ತ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಈ ನಿಧಿ 2014ರಲ್ಲಿ ಆರಂಭವಾಯಿತು.

ಹಣ ನಿಧಿಗೆ ಹೋಯಿತೆಂದರೆ ಸರ್ಕಾರದ ಪಾಲಾಯಿತು ಎಂದು ತಿಳಿಯಬೇಡಿ. ಖಾತೆದಾರರಾಗಲಿ ವಾರಸುದಾರರಾಗಲಿ ಯಾವಾಗ ಬೇಕಾದರೂ ಅದೇ ಬ್ಯಾಂಕಿನಲ್ಲಿ ಕೇಳಬಹುದು. ಬ್ಯಾಂಕ್ ನಿಮಗೆ ಕೊಟ್ಟು, ಆಮೇಲೆ ನಿಧಿಯಿಂದ ತಾನು ಪಡೆದುಕೊಳ್ಳುತ್ತದೆ. ನಿಷ್ಕ್ರಿಯ ಖಾತೆಯನ್ನು ಮತ್ತೆ ಚಾಲ್ತಿಗೆ ತರಲು ಬ್ಯಾಂಕ್ ಶುಲ್ಕ ಕೇಳುವಂತಿಲ್ಲ. ಕನಿಷ್ಠ ಮೊತ್ತ ಇಲ್ಲವೆಂದು ದಂಡವನ್ನೂ ಹಾಕುವಂತಿಲ್ಲ. 2024ರ ಏಪ್ರಿಲ್ 1ರಿಂದ ಈ ನಿಯಮಗಳಿವೆ.

ಬಡ್ಡಿ ಬೇಡವೆಂಬ ಕಾರಣಕ್ಕೆ ಹಳೆಯ ಖಾತೆಯ ಹತ್ತಿರವೇ ಹೋಗದ ಹಿರಿಯರೂ ನಮ್ಮಲ್ಲಿದ್ದಾರೆ. ಅಸಲು ಅವರ ಬೆವರಿನ ಹಣ, ಅದನ್ನು ಬಿಡಬೇಕಾಗಿಲ್ಲ. ಬಡ್ಡಿಯ ಭಾಗವನ್ನು ಏನು ಮಾಡಬೇಕೆಂದು ನಿಮ್ಮ ಮಸೀದಿಯ ಖತೀಬರಲ್ಲಿ ಕೇಳಿಕೊಳ್ಳಿ. ಆ ಒಂದು ಪ್ರಶ್ನೆಗಾಗಿ ಮಕ್ಕಳ ಹಕ್ಕಿನ ಅಸಲನ್ನೇ ಮರೆಯುವುದು ಸರಿಯಲ್ಲ.

ಹಳೆಯ ಪಾಸ್‌ಬುಕ್, ಹೊಸ ಬ್ಯಾಂಕ್

ಪೆಟ್ಟಿಗೆಯಲ್ಲಿ ಸಿಗುವ ಪಾಸ್‌ಬುಕ್ಕಿನ ಮೇಲಿನ ಬ್ಯಾಂಕಿನ ಹೆಸರು ಇಂದು ಊರಿನ ಯಾವ ಬೋರ್ಡಿನಲ್ಲೂ ಇಲ್ಲದಿರಬಹುದು. ಬ್ಯಾಂಕ್ ಮುಚ್ಚಿತು ಎಂದುಕೊಂಡು ಪುಸ್ತಕವನ್ನು ಒಲೆಗೆ ಹಾಕಬೇಡಿ. ಈ ಪಟ್ಟಿ ನೋಡಿ:

– ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು.
– ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು.
– ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು.
– ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಬ್ಯಾಂಕ್ ಇದು.
– ಚಿಕ್ಕಮಗಳೂರು-ಕೊಡಗು ಗ್ರಾಮೀಣ ಬ್ಯಾಂಕ್ 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು, ಅದು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು.

ಹೊಸ ಬ್ಯಾಂಕೇ ಹಳೆಯ ಖಾತೆಗೆ ಉತ್ತರ ಕೊಡಬೇಕು. ಹಳೆಯ ಖಾತೆ ಸಂಖ್ಯೆ ಇದ್ದರೆ ಸಾಕು, ಹುಡುಕಿಕೊಡುತ್ತಾರೆ.

ಪಾಸ್‌ಬುಕ್ಕೇ ಇಲ್ಲದವರಿಗೆ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಆರಂಭಿಸಿದ ‘ಉದ್ಗಮ್’ ಎಂಬ ಪೋರ್ಟಲ್ ಇದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕೆಲಸ ಅವರದು. ಮೊಬೈಲ್ ಸಂಖ್ಯೆಯಿಂದ ನೋಂದಾಯಿಸಿ, ಖಾತೆದಾರರ ಹೆಸರು ಮತ್ತು ಬ್ಯಾಂಕಿನ ಹೆಸರು ಹಾಕಿ, ಜೊತೆಗೆ ಪ್ಯಾನ್, ಮತದಾರರ ಚೀಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್ ಇವುಗಳಲ್ಲಿ ಒಂದರ ಸಂಖ್ಯೆಯನ್ನೋ ಜನ್ಮ ದಿನಾಂಕವನ್ನೋ ಕೊಡಬೇಕು. ಇವು ಯಾವುವೂ ಇಲ್ಲದಿದ್ದರೆ ವಿಳಾಸದಿಂದಲೂ ಹುಡುಕಬಹುದು. ಎಲ್ಲ ಬ್ಯಾಂಕುಗಳೂ ಅದರಲ್ಲಿಲ್ಲ. ಗ್ರಾಮೀಣ ಬ್ಯಾಂಕ್, ಸಹಕಾರಿ ಬ್ಯಾಂಕ್, ಅಂಚೆ ಕಚೇರಿಯ ಖಾತೆಗಳಿಗೆ ಶಾಖೆಗೇ ಹೋಗಿ ಕೇಳುವುದು ಒಳ್ಳೆಯದು.

ಹುಡುಕುವಾಗ ನಮ್ಮವರ ಹೆಸರುಗಳ ಬಗ್ಗೆ ಒಂದು ಮಾತು. ಖಾದರ್ ಎಂಬ ಒಂದೇ ಹೆಸರನ್ನು ಒಬ್ಬ ಗುಮಾಸ್ತರು ಕೆ ಅಕ್ಷರದಿಂದ ಬರೆದಿರುತ್ತಾರೆ, ಇನ್ನೊಬ್ಬರು ಕ್ಯೂ ಅಕ್ಷರದಿಂದ. ಮೊಹಮ್ಮದ್ ಎಂಬುದಕ್ಕೆ ನಾಲ್ಕಾರು ಬಗೆಯ ಕಾಗುಣಿತವಿದೆ. ಮನೆತನದ ಹೆಸರು ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ. ಬ್ಯಾರಿ, ಸಾಹೇಬ್, ಬೀಬಿ ಎಂಬ ಮಾತು ಒಂದರಲ್ಲಿ ಇದ್ದು ಮತ್ತೊಂದರಲ್ಲಿ ಇರುವುದಿಲ್ಲ. ಒಂದು ಸಲ ಸಿಗಲಿಲ್ಲವೆಂದು ಬಿಡದೆ, ಎಲ್ಲ ಬಗೆಯಲ್ಲೂ ಬರೆದು ನೋಡಿ. ಆಧಾರ್‌ಗೂ ಪಾಸ್‌ಬುಕ್ಕಿಗೂ ಹೆಸರು ಹೊಂದದಿದ್ದರೆ, ಎರಡೂ ಒಬ್ಬರದೇ ಎಂದು ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ ನೆರವಿಗೆ ಬರುತ್ತದೆ.

ತೋಟದ ದುಡಿಮೆಯ ಹಣ

ನಮ್ಮ ಸೀಮೆಯಲ್ಲಿ ಬ್ಯಾಂಕಿಗಿಂತ ಹೆಚ್ಚಾಗಿ ಮರೆತುಹೋಗುವುದು ಪಿಎಫ್. ಒಂದು ತೋಟದಲ್ಲಿ ಎಂಟು ವರ್ಷ, ಇನ್ನೊಂದರಲ್ಲಿ ಆರು ವರ್ಷ ದುಡಿದು, ಲೈನ್ ಮನೆ ಬಿಟ್ಟು ಊರಿಗೆ ಬಂದವರು ಪಿಎಫ್ ಚೀಟಿಯನ್ನು ಜೊತೆಗೆ ತಂದಿರುವುದಿಲ್ಲ. ಇಂದಿನ 12 ಅಂಕಿಯ ಯುಎಎನ್ ಸಂಖ್ಯೆ ಬಂದದ್ದು 2014ರಲ್ಲಿ. ಅದಕ್ಕೂ ಮೊದಲು ಕೆಲಸ ಬಿಟ್ಟವರ ಲೆಕ್ಕ ತೋಟದ ಹೆಸರು ಮತ್ತು ಹಳೆಯ ಸದಸ್ಯ ಸಂಖ್ಯೆಯ ಅಡಿಯಲ್ಲಿದೆ. ಹಳೆಯ ಹಾಜರಿ ಚೀಟಿ, ಪಗಾರದ ಚೀಟಿ, ವಾರ್ಷಿಕ ಪಿಎಫ್ ಸ್ಲಿಪ್, ತೋಟದ ರೈಟರ್ ಬರೆದುಕೊಟ್ಟ ಪತ್ರ, ಇವುಗಳಲ್ಲಿ ಯಾವುದು ಸಿಕ್ಕರೂ ತೆಗೆದುಕೊಂಡು ಚಿಕ್ಕಮಗಳೂರಿನ ಪಿಎಫ್ ಕಚೇರಿಯಲ್ಲಿ ಲಿಖಿತ ಅರ್ಜಿ ಕೊಡಿ.

ದುಡಿದವರು ಜೀವಂತ ಇದ್ದರೆ ಹಣಕ್ಕೆ 19ನೇ ನಮೂನೆ. ತೀರಿಕೊಂಡಿದ್ದರೆ ಪಿಎಫ್ ಹಣಕ್ಕೆ 20, ವಿಧವೆಯ ಪಿಂಚಣಿಗೆ 10-ಡಿ, ಸೇವೆಯಲ್ಲಿರುವಾಗಲೇ ತೀರಿಕೊಂಡಿದ್ದರೆ ವಿಮೆಗೆ 5-ಐಎಫ್. ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ ಪಡೆದು, ಪಿಂಚಣಿ ಇದೆಯೆಂದೇ ತಿಳಿಯದೆ ಉಳಿಯುವ ತಾಯಂದಿರಿದ್ದಾರೆ. ಮೂರನ್ನೂ ಕೇಳಿ. ಇದಲ್ಲದೆ ಗ್ರಾಚ್ಯುಟಿ ನಿಯಮ ತೋಟಗಳಿಗೂ ಅನ್ವಯಿಸುತ್ತದೆ. ಐದು ವರ್ಷ ಸತತ ಸೇವೆ ಮಾಡಿದವರಿಗೆ ಅದು ಸಲ್ಲಬೇಕು; ಸೇವೆಯಲ್ಲಿರುವಾಗ ತೀರಿಕೊಂಡರೆ ಐದು ವರ್ಷದ ನಿಯಮವೂ ಇಲ್ಲ.

ನಮ್ಮ ದಾನಿಗಳಲ್ಲಿ ತೋಟದ ಮಾಲೀಕರೂ ವ್ಯಾಪಾರಿಗಳೂ ಇದ್ದೀರಿ. ನಿಮ್ಮಲ್ಲೊಂದು ಕೋರಿಕೆ. ಹಳೆಯ ಮಸ್ಟರ್ ಪುಸ್ತಕ, ಪಿಎಫ್ ರಿಜಿಸ್ಟರ್‌ಗಳನ್ನು ಗೆದ್ದಲಿಗೆ ಬಿಡಬೇಡಿ. ಕೆಲಸ ಬಿಟ್ಟವರು ಸಹಿಗಾಗಿ ಬಂದರೆ ಎರಡು ಸಲ ಅಲೆಸಬೇಡಿ. ನೀವು ಟ್ರಸ್ಟಿಗೆ ಕೊಡುವ ಸದಕಾ ದೊಡ್ಡದು. ದುಡಿದವನ ಹಕ್ಕಿನ ಹಣ ಅವನ ಮನೆ ಸೇರುವಂತೆ ಹಾಕುವ ಒಂದು ಸಹಿ ಅದಕ್ಕಿಂತ ಕಡಿಮೆಯದಲ್ಲ.

ವಿಮೆಯ ಬಗ್ಗೆ ಒಂದು ಎಚ್ಚರಿಕೆ. ಹತ್ತು ವರ್ಷ ಯಾರೂ ಕೇಳದ ವಿಮಾ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ, ಅಲ್ಲಿಂದ 25 ವರ್ಷದೊಳಗೆ ಕೇಳಬೇಕು. ಬ್ಯಾಂಕ್ ಠೇವಣಿಯಂತೆ ಯಾವಾಗ ಬೇಕಾದರೂ ಕೇಳಬಹುದೆಂದು ಕೂರುವಂತಿಲ್ಲ.

ಖಾತೆದಾರರು ಮರ್ಹೂಮ್ ಆಗಿದ್ದರೆ

ನಾಮಿನಿ ಇದ್ದರೆ ದಾರಿ ಸುಲಭ: ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ. ಕೋರ್ಟಿನ ಉತ್ತರಾಧಿಕಾರ ಪತ್ರ ತನ್ನಿ ಎಂದು ಬ್ಯಾಂಕ್ ಒತ್ತಾಯಿಸುವಂತಿಲ್ಲ. ನಾಮಿನಿ ಇಲ್ಲದಿದ್ದರೂ, 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದಂತೆ, ವಾರಸುದಾರರ ನಡುವೆ ತಕರಾರಿಲ್ಲದಿದ್ದರೆ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿವರೆಗೆ ಸರಳ ಕ್ರಮದಲ್ಲಿ ಕೊಡಬೇಕು. ಎಲ್ಲ ಕಾಗದ ಸಲ್ಲಿಸಿದ 15 ದಿನದೊಳಗೆ ತೀರ್ಮಾನವಾಗಬೇಕು.

ಮರಣ ನೋಂದಣಿ ಮಾಡಿಸದೇ ಬಿಟ್ಟ ಮನೆಗಳು ಇಲ್ಲಿ ಸಿಕ್ಕಿಬೀಳುತ್ತವೆ. ಒಂದು ವರ್ಷ ದಾಟಿದ ಮೇಲೆ ನೋಂದಾಯಿಸಲು ದಂಡಾಧಿಕಾರಿಗಳ ಆದೇಶ ಬೇಕಾಗುತ್ತದೆ. ಜಮಾತಿನ ಪುಸ್ತಕದಲ್ಲಿ ದಫನದ ದಿನ ಬರೆದಿದ್ದರೆ ಅದರ ನಕಲು ಆಧಾರವಾಗಿ ಉಪಯೋಗಕ್ಕೆ ಬರಬಹುದು. ವಂಶವೃಕ್ಷದ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ.

ಹಣ ಕೈಗೆ ಬಂದ ಮೇಲೆ ಮುಖ್ಯವಾದ ಮಾತು ಬರುತ್ತದೆ. ಬ್ಯಾಂಕ್ ಖಾತೆಯ ನಾಮಿನಿ ಹಣದ ಒಡೆಯನಲ್ಲ, ಎಲ್ಲ ವಾರಸುದಾರರ ಪರವಾಗಿ ಪಡೆಯುವವನು. ಅದು ಅವನ ಕೈಯಲ್ಲಿರುವ ಅಮಾನತ್. ದಫನದ ಖರ್ಚು, ಮರ್ಹೂಮರ ಸಾಲ, ವಸಿಯತ್ತು ಇವು ತೀರಿದ ಮೇಲೆ ಉಳಿದದ್ದು ಪಾಲಾಗಬೇಕು. ಒಂದು ಲೆಕ್ಕ ಮಾಡೋಣ. ಉಳಿದದ್ದು 48,000 ರೂಪಾಯಿ; ವಾರಸುದಾರರು ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು; ಮರ್ಹೂಮರ ತಂದೆತಾಯಿ ಇಲ್ಲ. ಹೆಂಡತಿಗೆ ಎಂಟನೇ ಒಂದು, ಅಂದರೆ 6,000. ಉಳಿದ 42,000ದಲ್ಲಿ ಗಂಡುಮಕ್ಕಳಿಗೆ ತಲಾ 14,000, ಹೆಣ್ಣುಮಕ್ಕಳಿಗೆ ತಲಾ 7,000. ಬೆಳ್ತಂಗಡಿಗೋ ಉಪ್ಪಿನಂಗಡಿಗೋ ಮದುವೆಯಾಗಿ ಹೋದ ಮಗಳಿಗೂ ಅವಳ 7,000 ಮುಟ್ಟಬೇಕು. ನಾಮಿನಿ ಇಲ್ಲದ ಖಾತೆಗಳಲ್ಲಿ ಬ್ಯಾಂಕ್ ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೇಳುತ್ತದೆ. ಹೆಣ್ಣುಮಕ್ಕಳು ಸಹಿ ಹಾಕುವ ಮೊದಲು ಅದನ್ನು ಪೂರ್ತಿ ಓದಿಸಿಕೊಳ್ಳಲಿ. ಹಣ ಬಂದ ಮೇಲೆ ಹಂಚಿದ್ದನ್ನು ಕಾಗದದಲ್ಲಿ ಬರೆದು ಎಲ್ಲರೂ ಸಹಿ ಮಾಡಲಿ. ವಾರಸುದಾರರು ಬೇರೆ ಬಗೆಯಲ್ಲಿದ್ದರೆ ಪಾಲೂ ಬದಲಾಗುತ್ತದೆ, ಆಲಿಮರಲ್ಲಿ ಕೇಳಿ.

ನಿಜವಾದ ನೋಟಿಸ್, ಸುಳ್ಳು ನೋಟಿಸ್

ನಿಜವಾದ ನೋಟಿಸ್ ನಿಮ್ಮನ್ನು ಶಾಖೆಗೆ ಕರೆಯುತ್ತದೆ. ಸುಳ್ಳು ನೋಟಿಸ್ ಮೊದಲು ಹಣ ಕಟ್ಟಿ ಎನ್ನುತ್ತದೆ, ಒಟಿಪಿ ಕೇಳುತ್ತದೆ, ಇವತ್ತೇ ಕೊನೆಯ ದಿನ ಎಂದು ಅವಸರಪಡಿಸುತ್ತದೆ. ಉದ್ಗಮ್ ಪೋರ್ಟಲ್ ಮಾಹಿತಿ ತೋರಿಸುತ್ತದೆ ಅಷ್ಟೇ. ಹಣ ಕೊಡುವುದು ಬ್ಯಾಂಕ್ ಮಾತ್ರ. ಇಷ್ಟು ಭಾಗ ಕೊಟ್ಟರೆ ಬಿಡಿಸಿಕೊಡುತ್ತೇನೆ ಎನ್ನುವ ಮಧ್ಯವರ್ತಿ ಬೇಕಾಗಿಲ್ಲ. ಬಂದ ಲಿಂಕ್ ಒತ್ತದೆ, ಪತ್ರವನ್ನು ಹಿಡಿದು ನೀವೇ ಶಾಖೆಗೆ ಹೋಗಿ. ಮೋಸ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಅರ್ಜಿ ಕೊಡುವಾಗ ಯಾವಾಗಲೂ ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನ ವಿಚಾರಣೆಗೆ ದಾಖಲೆ ಇರುವುದಿಲ್ಲ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು, ಅದಕ್ಕೆ ಶುಲ್ಕವಿಲ್ಲ. ವಿಚಾರಿಸಲು 14448.

ವಿದ್ಯಾರ್ಥಿಗಳಿಗೆ

ಸರ್ಕಾರದ ಸ್ಕಾಲರ್‌ಶಿಪ್ ಬಂದಿಲ್ಲ ಎಂದು ಹೇಳುವವರು ಮೊದಲು ನಿಮ್ಮ ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ ಎಂದು ನೋಡಿ. ಹಣ ಬೀಳುವುದು ಆ ಖಾತೆಗೆ. ಕಳಸದಲ್ಲಿ ಶಾಲೆಗೆ ಹೋಗುವಾಗ ತೆರೆದ ಖಾತೆಗೆ ಹಣ ಬಂದಿರುತ್ತದೆ. ನೀವು ಮಂಗಳೂರಿನಲ್ಲಿ ತೆರೆದ ಹೊಸ ಖಾತೆಯನ್ನು ನೋಡುತ್ತಿರುತ್ತೀರಿ. 18 ತುಂಬಿದ ಕೂಡಲೇ ಶಾಖೆಗೆ ಹೋಗಿ ಹೊಸ ಸಹಿ, ಫೋಟೊ, ಕೆವೈಸಿ ಕೊಡಿ. ಸ್ಕಾಲರ್‌ಶಿಪ್‌ಗಾಗಿ ತೆರೆದ ಶೂನ್ಯ ಶಿಲ್ಕಿನ ಖಾತೆಯನ್ನು ಎರಡು ವರ್ಷ ವ್ಯವಹಾರವಿಲ್ಲವೆಂದು ನಿಷ್ಕ್ರಿಯಗೊಳಿಸಬಾರದೆಂಬ ನಿಯಮವಿದೆ. ಹಾಗೆ ಮಾಡಿದ್ದರೆ ಮ್ಯಾನೇಜರರ ಗಮನಕ್ಕೆ ತನ್ನಿ.

ಈ ಸಲ ಅರ್ಜಿಯ ಜೊತೆಗೆ ಒಂದು ಮನೆಗೆಲಸವನ್ನೂ ಕೊಡುತ್ತಿದ್ದೇವೆ. ಒಂದು ನೋಟ್‌ಬುಕ್ ತೆಗೆದುಕೊಂಡು ಅಜ್ಜ ಅಜ್ಜಿ, ತಂದೆ ತಾಯಿಯ ಬಳಿ ಕುಳಿತುಕೊಳ್ಳಿ. ಯಾವ ಯಾವ ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ ಖಾತೆ ಇತ್ತು, ಯಾವ ತೋಟದಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ದುಡಿದರು, ಯಾವ ಪಾಲಿಸಿ ಕಟ್ಟಿದರು, ನಾಮಿನಿ ಯಾರು ಎಂದು ಕೇಳಿ ಬರೆದುಕೊಳ್ಳಿ. ನಾಮಿನಿ ಇಲ್ಲದ ಖಾತೆಗೆ ಈ ವಾರವೇ ನಾಮಿನಿ ಮಾಡಿಸಿ; 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಇರಬಹುದು. ಹುಡುಕಿದ ಮೇಲೆ ಏನೂ ಸಿಗದಿರಲೂಬಹುದು. ಆದರೂ ಆ ಪುಟಗಳು ಮನೆಯ ದಾಖಲೆಯಾಗಿ ಉಳಿಯುತ್ತವೆ. ಬರೆದ ಪುಸ್ತಕವನ್ನು ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಬರುವಾಗ ತನ್ನಿ. ಅರ್ಜಿ ಬರೆಯಲು ನೆರವು ಬೇಕಾದವರಿಗೆ ನಮ್ಮ ಸಮಿತಿಯವರು ಅಂದೇ ಕುಳಿತು ಬರೆದುಕೊಡುತ್ತೇವೆ, ಇನ್ಶಾ ಅಲ್ಲಾಹ್.