ವೈದ್ಯನ ಬಲಗೈ: ಫಿಸಿಷಿಯನ್ ಅಸಿಸ್ಟೆಂಟ್ ಎಂಬ ಕಾಯಕ

ಪಿ.ಯು.ಸಿ. ವಿಜ್ಞಾನ ವಿಭಾಗದ ಫಲಿತಾಂಶವೂ ನೀಟ್ ಪರೀಕ್ಷೆಯ ಅಂಕಗಳೂ ಹೊರಬಿದ್ದ ಬಳಿಕ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಔಷಧಕ್ಕಿಂತ ಸಲಹೆಯನ್ನು ಬಯಸುವ ತಂದೆತಾಯಿಗಳ ಸಂಖ್ಯೆ ಹೆಚ್ಚುತ್ತದೆ. ಪಣಂಬೂರು, ಬೈಕಂಪಾಡಿ, ಕುಳಾಯಿ, ಸುರತ್ಕಲ್ ಭಾಗದಲ್ಲಿ ಬಂದರು ಮತ್ತು ಕಾರ್ಖಾನೆಗಳನ್ನು ನಂಬಿ ನೆಲೆಸಿದ ಕುಟುಂಬಗಳವರೇ ಇವರಲ್ಲಿ ಬಹುಮಂದಿ. ಉತ್ತರ ಕರ್ನಾಟಕದಿಂದ ಬಂದ ಶರಣ ಬಂಧುಗಳೂ ಇದ್ದಾರೆ. ಎಂ.ಬಿ.ಬಿ.ಎಸ್. ಸೀಟು ದೊರೆಯಲಿಲ್ಲ, ಫಿಸಿಷಿಯನ್ ಅಸಿಸ್ಟೆಂಟ್ ಎಂಬ ಪದವಿಗೆ ಸೇರಿಸಿದರೆ ಮಗಳು ಡಾಕ್ಟರಳಾಗುವಳೇ ಎಂಬುದು ಅವರ ಪ್ರಶ್ನೆ. ಆಗುವುದಿಲ್ಲ ಎಂಬುದೇ ಅದಕ್ಕೆ ಸರಿಯಾದ ಉತ್ತರ. ಆದರೆ ಈ ಉತ್ತರದಿಂದ ಆ ವೃತ್ತಿ ಕೀಳೆಂದು ಯಾರೂ ಭಾವಿಸಬಾರದು. ವೈದ್ಯನಾಗುವುದು ಒಂದು ಕಾಯಕ, ವೈದ್ಯನಿಗೆ ನೆರವಾಗುವುದು ಇನ್ನೊಂದು ಕಾಯಕ. ಎರಡನ್ನೂ ಒಂದೇ ಎಂದು ತಿಳಿದಾಗ ಅದರ ಫಲವನ್ನು ಅನುಭವಿಸುವವನು ರೋಗಿ. ಆದುದರಿಂದ ಈ ತಿಂಗಳು ಇದೇ ವಿಷಯವನ್ನು ವಿಚಾರಿಸೋಣ.

ಚರಕ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ಖುಡ್ಡಾಕ ಚತುಷ್ಪಾದವೆಂದು ಹೆಸರು. ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪ್ರತಿಯೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಆಚಾರ್ಯರು ಹೇಳಿದ್ದಾರೆ. ವೈದ್ಯನಿಗೆ ನಿರ್ಮಲವಾದ ಶಾಸ್ತ್ರಜ್ಞಾನ, ಕ್ರಿಯೆಗಳನ್ನು ಅನೇಕ ಬಾರಿ ಕಂಡ ಅನುಭವ, ದಕ್ಷತೆ ಮತ್ತು ಶುಚಿತ್ವ ಬೇಕು. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ ಮತ್ತು ಶುಚಿತ್ವ ಬೇಕು. ಈ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ದಕ್ಷತೆಯೂ ಶುಚಿತ್ವವೂ ಇಬ್ಬರಿಗೂ ಸಮಾನ. ಕೈಕೆಲಸದಲ್ಲಿ ಸಹಾಯಕನು ವೈದ್ಯನಿಗಿಂತ ಕಡಿಮೆಯವನಾಗಿರಬಹುದೆಂದು ಶಾಸ್ತ್ರವು ಎಲ್ಲಿಯೂ ರಿಯಾಯಿತಿ ಕೊಟ್ಟಿಲ್ಲ. ವ್ಯತ್ಯಾಸವಿರುವುದು ಉಳಿದೆರಡರಲ್ಲಿ. ಇದು ಯಾವ ರೋಗವೆಂದು ನಿರ್ಣಯಿಸುವ ಹೊಣೆ ಶಾಸ್ತ್ರವನ್ನು ಆಮೂಲಾಗ್ರವಾಗಿ ಓದಿ, ಬಹುಕಾಲ ಕಂಡವನದು. ಮಣ್ಣು, ಕೋಲು, ಚಕ್ರ, ದಾರ ಎಲ್ಲವೂ ಇದ್ದು ಕುಂಬಾರನಿಲ್ಲದಿದ್ದರೆ ಮಡಕೆಯಾಗದು ಎಂಬ ಹೋಲಿಕೆಯನ್ನು ಚರಕರು ಇದೇ ಅಧ್ಯಾಯದಲ್ಲಿ ಕೊಡುತ್ತಾರೆ.

ಪಂಚಕರ್ಮವನ್ನು ಮಾಡಿಸಿಕೊಂಡವರಿಗೆ ಈ ಹಂಚಿಕೆ ಸುಲಭವಾಗಿ ಅರ್ಥವಾಗುತ್ತದೆ. ವಿರೇಚನ ಕರ್ಮದಲ್ಲಿ ರೋಗಿಗೆ ಎಷ್ಟು ವೇಗಗಳಾದವು ಎಂಬುದನ್ನು ಎಣಿಸಬೇಕು. 30 ವೇಗಗಳಾದರೆ ಪ್ರವರ ಶುದ್ಧಿ, 20 ಆದರೆ ಮಧ್ಯಮ, 10 ಆದರೆ ಅವರ. ಈ ಎಣಿಕೆಯ ಮೇಲೆ ರೋಗಿಗೆ ಪೇಯ, ವಿಲೇಪಿ ಮುಂತಾದ ಸಂಸರ್ಜನ ಕ್ರಮವು 7 ದಿನವೋ, 5 ದಿನವೋ, 3 ದಿನವೋ ಎಂಬುದು ತೀರ್ಮಾನವಾಗುತ್ತದೆ. ದಿನವಿಡೀ ರೋಗಿಯ ಬಳಿ ಇದ್ದು ಎಣಿಸುವವನು, ಬಾಯಿ ಒಣಗಿತೇ, ಕಣ್ಣು ಮಂಕಾಯಿತೇ ಎಂದು ನೋಡುವವನು ಸಹಾಯಕ. ಅವನು ಎಣಿಕೆ ತಪ್ಪಿದರೆ ಎಂತಹ ಪಂಡಿತನ ಪಥ್ಯವೂ ತಪ್ಪುತ್ತದೆ. ಹಾಗೆಂದು ಎಣಿಸಿದವನೇ ಪಥ್ಯವನ್ನು ನಿಶ್ಚಯಿಸುವುದಿಲ್ಲ; ಕಂಡದ್ದನ್ನು ಕಂಡಂತೆ ವೈದ್ಯನಿಗೆ ಒಪ್ಪಿಸುತ್ತಾನೆ.

ನಮ್ಮ ಪಣಂಬೂರಿನಲ್ಲಿಯೇ ಇದರ ಇನ್ನೊಂದು ರೂಪವಿದೆ. 1974ರಲ್ಲಿ ಮಹಾಬಂದರೆಂದು ಘೋಷಿತವಾದ ನವಮಂಗಳೂರು ಬಂದರಿಗೆ ಬರುವ ಸರಕು ಹಡಗುಗಳಲ್ಲಿ ಸಾಮಾನ್ಯವಾಗಿ ವೈದ್ಯರು ಇರುವುದಿಲ್ಲ. ನೂರು ಅಥವಾ ಹೆಚ್ಚು ಜನರಿದ್ದು, ಮೂರು ದಿನಗಳಿಗಿಂತ ದೀರ್ಘವಾದ ಅಂತಾರಾಷ್ಟ್ರೀಯ ಯಾನ ಮಾಡುವ ಹಡಗಿನಲ್ಲಿ ಮಾತ್ರ ವೈದ್ಯರಿರಬೇಕೆಂದು 2006ರ ನಾವಿಕ ಕಾರ್ಮಿಕ ಒಪ್ಪಂದವು ವಿಧಿಸುತ್ತದೆ. ಇಪ್ಪತ್ತು ಇಪ್ಪತ್ತೈದು ಮಂದಿಯ ಸರಕು ಹಡಗಿನಲ್ಲಿ ವೈದ್ಯಕೀಯ ಆರೈಕೆಯ ತರಬೇತಿ ಪಡೆದ ಅಧಿಕಾರಿಯೊಬ್ಬನು ಔಷಧದ ಕಪಾಟಿನ ಕೀಲಿಯನ್ನು ಇಟ್ಟುಕೊಂಡಿರುತ್ತಾನೆ. ನಡುಸಮುದ್ರದಲ್ಲಿ ನಾವಿಕನಿಗೆ ಹೊಟ್ಟೆನೋವು ಬಂದರೆ ಅವನು ನಾಡಿ, ಜ್ವರ, ರಕ್ತದೊತ್ತಡಗಳನ್ನು ನೋಡಿ, ನೋವಿನ ಸ್ಥಾನವನ್ನು ಮುಟ್ಟಿ ತಿಳಿದು, ರೇಡಿಯೋ ಮೂಲಕ ದಡದ ವೈದ್ಯನಿಗೆ ವಿವರಿಸುತ್ತಾನೆ; ಅವರು ಹೇಳಿದಂತೆ ನಡೆಯುತ್ತಾನೆ. ರೋಮ್ ನಗರದಲ್ಲಿ 1935ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ರೇಡಿಯೋ ವೈದ್ಯಕೀಯ ಕೇಂದ್ರವು ಇಂತಹ ಸಲಹೆಗಾಗಿಯೇ ಸ್ಥಾಪಿತವಾದದ್ದು. ಇಲ್ಲಿ ಆ ಅಧಿಕಾರಿಯ ಬೆಲೆಯಿರುವುದು ಅವನ ವರದಿಯ ನಿಖರತೆಯಲ್ಲಿ.

ಆಧುನಿಕ ಫಿಸಿಷಿಯನ್ ಅಸಿಸ್ಟೆಂಟ್ ವೃತ್ತಿಯೂ ನೌಕಾದಳದ ಸಹಾಯಕರಿಂದಲೇ ಹುಟ್ಟಿತೆಂಬುದು ಗಮನಾರ್ಹ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಅವರು 1965ರಲ್ಲಿ, ನೌಕಾದಳದಲ್ಲಿ ವೈದ್ಯಕೀಯ ಸೇವೆ ಸಲ್ಲಿಸಿ ಬಂದ ನಾಲ್ವರನ್ನು ತೆಗೆದುಕೊಂಡು ಮೊದಲ ತರಗತಿಯನ್ನು ಆರಂಭಿಸಿದರು. 1967ರ ಅಕ್ಟೋಬರ್ 6ರಂದು ಅವರಲ್ಲಿ ಮೂವರು ತೇರ್ಗಡೆಯಾದರು. ಇಂದು ಅಲ್ಲಿ ಅದು ಸ್ನಾತಕೋತ್ತರ ಶಿಕ್ಷಣ. ರಾಷ್ಟ್ರಮಟ್ಟದ ಪ್ರಮಾಣೀಕರಣ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ಮಾತ್ರ ಹೆಸರಿನ ಮುಂದೆ ಪ್ರಮಾಣಿತ ಎಂಬ ಅಕ್ಷರವನ್ನು ಬರೆದುಕೊಳ್ಳಬಹುದು. ಆ ಬಳಿಕವೂ ಎರಡು ವರ್ಷಕ್ಕೊಮ್ಮೆ 100 ಗಂಟೆಗಳ ಮುಂದುವರಿದ ಶಿಕ್ಷಣವನ್ನು ಪೂರೈಸಬೇಕು. ನಮ್ಮ ದೇಶದಲ್ಲಿ ಹೃದಯ ಶಸ್ತ್ರವೈದ್ಯ ಡಾ. ಕೆ.ಎಂ. ಚೆರಿಯನ್ ಅವರು ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ 1992ರಲ್ಲಿ ಈ ಶಿಕ್ಷಣಕ್ಕೆ ನಾಂದಿ ಹಾಡಿದರು. ನಮ್ಮ ಕರಾವಳಿಯಲ್ಲಿ ಮಣಿಪಾಲದ ಆರೋಗ್ಯ ವೃತ್ತಿಗಳ ಕಾಲೇಜು ಈ ಪದವಿಯನ್ನು ಬೋಧಿಸುತ್ತ ಬಂದಿದೆ. ಇಲ್ಲಿ ಅದು ಪಿ.ಯು.ಸಿ. ನಂತರದ ಪದವಿ, ಸಾಮಾನ್ಯವಾಗಿ ನಾಲ್ಕು ವರ್ಷ, ಅದರಲ್ಲಿ ಕೊನೆಯ ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್.

ಕೆಲಸವೇನು? ಶಸ್ತ್ರಚಿಕಿತ್ಸೆಗೆ ಬಂದ ರೋಗಿಯ ಪೂರ್ವವೃತ್ತಾಂತವನ್ನು ಕೇಳಿ ಬರೆದುಕೊಳ್ಳುವುದು, ಪರೀಕ್ಷಾ ವರದಿಗಳನ್ನು ಒಟ್ಟುಗೂಡಿಸಿ ಅಸಹಜವಾದುದನ್ನು ವೈದ್ಯರ ಗಮನಕ್ಕೆ ತರುವುದು, ವಾರ್ಡಿನ ಸುತ್ತಿನಲ್ಲಿ ಜೊತೆಗಿರುವುದು, ಬಿಡುಗಡೆಯ ಸಾರಾಂಶವನ್ನು ಸಿದ್ಧಪಡಿಸುವುದು, ಮನೆಗೆ ಹೋಗುವವರಿಗೆ ಔಷಧ ಪಥ್ಯಗಳನ್ನು ಅವರ ಭಾಷೆಯಲ್ಲಿ ತಿಳಿಹೇಳುವುದು. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯ ಶಸ್ತ್ರವೈದ್ಯರು ಎದೆಯ ಕೆಲಸದಲ್ಲಿರುವಾಗ ಕಾಲಿನಿಂದ ರಕ್ತನಾಳವನ್ನು ಬಿಡಿಸಿ ಕೊಡುವ ಸೂಕ್ಷ್ಮ ಕಾರ್ಯವನ್ನು ನುರಿತ ಸಹಾಯಕರೇ ಮಾಡುತ್ತಾರೆ. ಇದನ್ನು ಅರ್ಧ ಡಾಕ್ಟರಿಕೆ ಎನ್ನುವವರು ಆ ಕೆಲಸವನ್ನು ಒಮ್ಮೆಯೂ ಹತ್ತಿರದಿಂದ ಕಂಡವರಲ್ಲ. ಮಂಗಳೂರಿನ ಆಸ್ಪತ್ರೆಗಳಿಗೆ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಮಾತನಾಡುವವರೂ ಬಯಲುಸೀಮೆಯ ಕನ್ನಡಿಗರೂ ಬರುತ್ತಾರೆ. ಅವರ ಮಾತನ್ನು ತಾಳ್ಮೆಯಿಂದ ಕೇಳಿ ಸರಿಯಾಗಿ ದಾಖಲಿಸುವವರಿದ್ದರೆ ಅರ್ಧ ಚಿಕಿತ್ಸೆ ಅಲ್ಲಿಯೇ ಆದಂತೆ. ಚರಕರು ಹೇಳಿದ ಅನುರಾಗಕ್ಕೆ ಇದಕ್ಕಿಂತ ಬೇರೆ ಅರ್ಥವನ್ನು ಹುಡುಕಬೇಕಾಗಿಲ್ಲ.

ಇನ್ನು ಗಡಿಯ ವಿಚಾರ. ಬ್ರಿಟನ್ನಿನಲ್ಲಿ ಈ ವೃತ್ತಿಯವರನ್ನು ಫಿಸಿಷಿಯನ್ ಅಸೋಸಿಯೇಟ್ ಎಂದು ಕರೆಯಲಾಗುತ್ತಿತ್ತು. 2022ರಲ್ಲಿ ಲಂಡನ್ನಿನ ಮೂವತ್ತು ವರ್ಷದ ಯುವತಿಯೊಬ್ಬಳು ಮೀನಖಂಡದ ನೋವು, ಉಸಿರಾಟದ ತೊಂದರೆಗಳೊಡನೆ ಚಿಕಿತ್ಸಾಲಯಕ್ಕೆ ಎರಡು ಬಾರಿ ಹೋದಳು. ಎರಡು ಬಾರಿಯೂ ಅವಳನ್ನು ನೋಡಿದವರು ಸಹಾಯಕರು. ತಾನು ವೈದ್ಯರನ್ನೇ ಕಂಡೆನೆಂದು ಅವಳು ನಂಬಿದ್ದಳು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರುತ್ತಿರುವುದು ತಿಳಿಯದೆ ಹೋಯಿತು; ಅವಳು ತೀರಿಕೊಂಡಳು. ಮೀನಖಂಡದ ನೋವಿನೊಡನೆ ಉಬ್ಬಸವೂ ಸೇರಿದರೆ ಅದನ್ನು ತುರ್ತುಸ್ಥಿತಿ ಎಂದೇ ತಿಳಿಯಬೇಕೆಂಬುದನ್ನು ಓದುಗರು ಈ ಸಂದರ್ಭದಲ್ಲಿ ನೆನಪಿಟ್ಟುಕೊಳ್ಳಲಿ. ಅಲ್ಲಿಯ ಸರಕಾರಕ್ಕಾಗಿ ಪ್ರೊ. ಗಿಲಿಯನ್ ಲೆಂಗ್ ಅವರು ನಡೆಸಿದ ಪರಿಶೀಲನೆಯ ವರದಿ 2025ರ ಜುಲೈನಲ್ಲಿ ಹೊರಬಂದಿತು. ಹೆಸರನ್ನು ಮತ್ತೆ ಅಸಿಸ್ಟೆಂಟ್ ಎಂದೇ ಇಡಬೇಕು, ರೋಗ ಇನ್ನೂ ನಿರ್ಣಯವಾಗದ ರೋಗಿಯನ್ನು ಇವರು ತಾವಾಗಿಯೇ ನೋಡುವುದಕ್ಕೆ ಮಿತಿಯಿರಬೇಕು, ಉಡುಪು ಮತ್ತು ಗುರುತುಪಟ್ಟಿಯಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ಕಾಣಬೇಕು ಎಂಬುವು ಅದರ ಮುಖ್ಯ ಸಲಹೆಗಳು. ಖುಡ್ಡಾಕ ಚತುಷ್ಪಾದವನ್ನು ಓದಿದವರಿಗೆ ಇದರಲ್ಲಿ ಹೊಸತೇನೂ ತೋರದು.

ನಮ್ಮಲ್ಲಿ ಈ ಅಪಾಯ ಬೇರೆ ವೇಷದಲ್ಲಿದೆ. ಹಿಂದಿನ ತಲೆಮಾರಿನವರು ಕಂಪೌಂಡರನ್ನೂ ಡ್ರೆಸ್ಸರನ್ನೂ ಬಲ್ಲರು. ಅವರಲ್ಲಿ ಅನೇಕರು ಅತ್ಯಂತ ನಿಷ್ಠಾವಂತರು. ಮಿಶ್ರಣವನ್ನು ಅಳೆಯುವುದರಲ್ಲಿ, ಹುಣ್ಣನ್ನು ತೊಳೆದು ಕಟ್ಟುವುದರಲ್ಲಿ ಅವರ ಕೈಗೆ ಸಾಟಿಯಿರಲಿಲ್ಲ. ಆದರೆ ವೈದ್ಯರ ಕಾಲಾನಂತರ ಅದೇ ಕೋಣೆಯಲ್ಲಿ ತಾವೇ ಕುಳಿತು ಸೂಜಿ ಚುಚ್ಚಲಾರಂಭಿಸಿದವರೂ ಇದ್ದರು, ಜನರೂ ಅವರನ್ನು ಡಾಕ್ಟರೆಂದೇ ಕರೆದರು. ಇಂದಿನ ಕಾನೂನು ಇದಕ್ಕೆ ಎಡೆಗೊಡುವುದಿಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೆಯ ಕಲಮಿನ ಪ್ರಕಾರ ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಫಿಸಿಷಿಯನ್ ಅಸಿಸ್ಟೆಂಟ್ ಪದವೀಧರರು ಸ್ವಂತ ಕ್ಲಿನಿಕ್ ತೆರೆದು ಔಷಧಚೀಟಿ ಬರೆದರೆ ಅವರಿಗೂ ಇದೇ ಅನ್ವಯ.

ನಮ್ಮ ಬಿ.ಎ.ಎಂ.ಎಸ್. ಪದವೀಧರರಿಗೂ ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಖಾಸಗಿ ಆಸ್ಪತ್ರೆಗಳ ರಾತ್ರಿ ಪಾಳಿಯಲ್ಲಿ, ತೀವ್ರ ನಿಗಾ ಘಟಕಗಳಲ್ಲಿ ನಮ್ಮ ಯುವ ವೈದ್ಯರು ಎಷ್ಟೋ ಮಂದಿ ದುಡಿಯುತ್ತಿದ್ದಾರೆ. ಅವರು ಮಾಡುವುದು ವಸ್ತುತಃ ಫಿಸಿಷಿಯನ್ ಅಸಿಸ್ಟೆಂಟರ ಕೆಲಸ. ಆದರೆ ಆ ಹೆಸರೂ ಇಲ್ಲ, ಅದಕ್ಕೆ ತಕ್ಕ ತರಬೇತಿಯೂ ಇಲ್ಲ, ಲಿಖಿತವಾದ ಕಾರ್ಯವ್ಯಾಪ್ತಿಯೂ ಇಲ್ಲ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲೋಪತಿ ಔಷಧ ಕೊಟ್ಟ ಹೋಮಿಯೋಪತಿ ವೈದ್ಯರೊಬ್ಬರ ಪ್ರಕರಣದಲ್ಲಿ, ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವುದೇ ನಿರ್ಲಕ್ಷ್ಯವೆಂದು ತೀರ್ಪಿತ್ತಿತು. 1998ರ ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ, ರಾಜ್ಯದ ಕಾನೂನು ಅನುಮತಿಸಿದಲ್ಲಿ ಮಾತ್ರ ಭಾರತೀಯ ಪದ್ಧತಿಯ ವೈದ್ಯರು ಆಧುನಿಕ ಔಷಧ ಬರೆಯಬಹುದೆಂದಿತು. ಹೀಗಿರುವಾಗ ನಡುರಾತ್ರಿಯಲ್ಲಿ ರೋಗಿಯ ಸ್ಥಿತಿ ಕೆಟ್ಟರೆ ಹೊಣೆ ಯಾರದು? ಕೆಲಸಕ್ಕೆ ಸೇರುವ ಮುನ್ನವೇ, ಯಾವ ವೈದ್ಯರ ಮೇಲ್ವಿಚಾರಣೆಯಲ್ಲಿ, ಯಾವ ಯಾವ ಕಾರ್ಯಗಳನ್ನು ಮಾಡಬೇಕೆಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಸಂಬಳ ಎಷ್ಟೆಂದು ಕೇಳುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಫಿಸಿಷಿಯನ್ ಅಸಿಸ್ಟೆಂಟರ ಸ್ಥಿತಿ ಈ ವಿಷಯದಲ್ಲಿ ಈಗ ಸುಧಾರಿಸುತ್ತಿದೆ. 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯಸೇವಾ ವೃತ್ತಿಗಳ ಆಯೋಗ ಕಾಯ್ದೆಯು ಫಿಸಿಷಿಯನ್ ಅಸೋಸಿಯೇಟ್ ಎಂಬ ಹೆಸರಿನಲ್ಲಿ ಇವರನ್ನು ತನ್ನ ಅನುಸೂಚಿಗೆ ಸೇರಿಸಿದೆ. ಈ ಕಾಯ್ದೆಯಂತೆ ಆರೋಗ್ಯಸೇವಾ ವೃತ್ತಿಪರರೆನಿಸಲು ಕನಿಷ್ಠ 3,600 ಗಂಟೆಗಳ ಪದವಿ ಶಿಕ್ಷಣ ಬೇಕು. ರಾಜ್ಯ ಪರಿಷತ್ತುಗಳು ವೃತ್ತಿಪರರ ನೋಂದಣಿ ಪುಸ್ತಕವನ್ನು ಇಡಬೇಕು. ಬ್ರಿಟನ್ನಿನವರು ಬಿಡಲು ಹೊರಟಿರುವ ಅಸೋಸಿಯೇಟ್ ಎಂಬ ಹೆಸರನ್ನು ನಾವು ಹಿಡಿದುಕೊಂಡಿರುವುದು ನನಗೆ ಅಷ್ಟಾಗಿ ಒಪ್ಪಿಗೆಯಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಶರಣರ ನಾಡಿನಲ್ಲಿ, ವೈದ್ಯ ಸಂಗಣ್ಣನಂತಹ ವೈದ್ಯರು ಕೂಡ ಅನುಭಾವಿಗಳ ಸಾಲಿನಲ್ಲಿ ಕುಳಿತ ಪರಂಪರೆಯಲ್ಲಿ, ಸಹಾಯಕ ಎಂಬ ಪದಕ್ಕೆ ನಾಚುವ ಕಾರಣವಿಲ್ಲ.

ಮಗುವನ್ನು ಸೇರಿಸಲು ನಿಶ್ಚಯಿಸಿದವರು ಕೆಲವನ್ನು ವಿಚಾರಿಸಿಕೊಳ್ಳಬೇಕು. ಪದವಿಯನ್ನು ಕೊಡುವುದು ಮಾನ್ಯತೆ ಪಡೆದ ವಿಶ್ವವಿದ್ಯಾಲಯವೇ, ಅಥವಾ ಕೇವಲ ಸಂಸ್ಥೆಯೊಂದರ ಡಿಪ್ಲೊಮಾ ಪತ್ರವೇ? ಕಾಲೇಜಿಗೆ ಸ್ವಂತ ಆಸ್ಪತ್ರೆಯಿದೆಯೇ, ಇಂಟರ್ನ್‌ಶಿಪ್ ಯಾವ ವಿಭಾಗಗಳಲ್ಲಿ? ತರಗತಿಯಲ್ಲಿ ಮಾತ್ರ ಕಲಿಸುವ ಕಡೆ ಈ ವೃತ್ತಿಯನ್ನು ಕಲಿಯಲಾಗದು. ಹಿಂದೆ ತೇರ್ಗಡೆಯಾದವರು ಈಗ ಎಲ್ಲಿದ್ದಾರೆಂದು ಕೇಳಿ, ಸಾಧ್ಯವಾದರೆ ಅವರಲ್ಲಿ ಒಬ್ಬಿಬ್ಬರೊಡನೆ ಮಾತನಾಡಿರಿ. ವಿದೇಶದ ಆಸೆ ತೋರಿಸಿ ಶುಲ್ಕ ಕೇಳುವವರ ಬಗ್ಗೆ ಎಚ್ಚರವಿರಲಿ: ಅಮೆರಿಕದ ಪ್ರಮಾಣೀಕರಣ ಪರೀಕ್ಷೆಗೆ ಅಲ್ಲಿಯ ಮಾನ್ಯತಾ ಮಂಡಳಿ ಅಂಗೀಕರಿಸಿದ ಶಿಕ್ಷಣವನ್ನು ಪೂರೈಸಿದವರು ಮಾತ್ರ ಕುಳಿತುಕೊಳ್ಳಬಹುದು. ನಮ್ಮ ಪದವಿಯೊಂದನ್ನೇ ಹಿಡಿದು ಹೋದವರಿಗೆ ಅಲ್ಲಿ ಆ ಬಾಗಿಲು ತೆರೆಯುವುದಿಲ್ಲ. ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ.