ವೈಯಾವೃತ್ಯ – ಪರರಿಗೆ ಸೇವೆ, ತನಗೆ ಆರೋಗ್ಯ

ಜಿನಾಗಮವು ತಪಸ್ಸನ್ನು ಬಾಹ್ಯ ಮತ್ತು ಅಭ್ಯಂತರ ಎಂದು ಎರಡು ವಿಧವಾಗಿ ವಿಂಗಡಿಸಿದೆ. ಉಪವಾಸ, ಊನೋದರ ಮೊದಲಾದ ಆರು ಬಾಹ್ಯ ತಪಸ್ಸುಗಳು ಎಲ್ಲರ ಕಣ್ಣಿಗೂ ಕಾಣುವಂಥವು. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ – ಇವು ಆರು ಅಭ್ಯಂತರ ತಪಸ್ಸುಗಳು. ಇವುಗಳಲ್ಲಿ ಮೂರನೆಯದಾದ ವೈಯಾವೃತ್ಯವೆಂದರೆ ಸೇವೆ. ಗುಜರಾತಿ ಮನೆಗಳಲ್ಲಿ ಇದನ್ನೇ ‘ವೈಯಾವಚ್ಚ’ ಎನ್ನುತ್ತಾರೆ. ನುಡಿ ಬೇರೆಯಾದರೂ ಭಾವ ಒಂದೇ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಸೇವೆಗೆ ಪಾತ್ರರಾದ ಹತ್ತು ಬಗೆಯವರನ್ನು ಹೆಸರಿಸುತ್ತದೆ. ಅವರಲ್ಲಿ ಆಚಾರ್ಯರು, ಉಪಾಧ್ಯಾಯರೊಂದಿಗೆ ‘ಗ್ಲಾನ’, ಅಂದರೆ ರೋಗಪೀಡಿತ ಸಾಧುವೂ ಸೇರಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಗೃಹಸ್ಥರ ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಆದುದರಿಂದ ಶ್ರಾವಕರ ಪಾಲಿಗೆ ಸೇವೆಯು ವ್ರತವೇ ಆಗಿದೆ.

ಸೇವೆಯಿಂದ ಕರ್ಮನಿರ್ಜರೆಯಾಗುವುದೆಂದು ಶಾಸ್ತ್ರ ಹೇಳುತ್ತದೆ. ಸೇವೆ ಮಾಡುವವರ ಶರೀರಕ್ಕೂ ಹಿತವುಂಟೇ ಎಂಬುದನ್ನು ಇಂದಿನ ವೈದ್ಯವಿಜ್ಞಾನ ಪರೀಕ್ಷಿಸಿದೆ. ಕೆನಡಾದ ವ್ಯಾಂಕೂವರ್ ನಗರದಲ್ಲಿ 106 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರು ಎರಡು ತಿಂಗಳ ಕಾಲ ವಾರಕ್ಕೊಮ್ಮೆ ಚಿಕ್ಕ ಮಕ್ಕಳಿಗೆ ನೆರವಾಗುವಂತೆ ಏರ್ಪಡಿಸಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸೇವೆ ಮಾಡಿದ ಗುಂಪಿನಲ್ಲಿ ಕೊಲೆಸ್ಟರಾಲ್ ಮತ್ತು ದೇಹದ ಉರಿಯೂತದ ಲಕ್ಷಣಗಳು ಇನ್ನೊಂದು ಗುಂಪಿಗಿಂತ ಕಡಿಮೆಯಿದ್ದವು. ಅಮೆರಿಕದಲ್ಲಿ 50 ವರ್ಷ ದಾಟಿದ ಸುಮಾರು 13,000 ಜನರ ಅಧ್ಯಯನವು 2020ರಲ್ಲಿ ಪ್ರಕಟವಾಯಿತು. ವರ್ಷಕ್ಕೆ 100 ಗಂಟೆ, ಅಂದರೆ ವಾರಕ್ಕೆ ಸುಮಾರು ಎರಡು ಗಂಟೆ ಸೇವೆ ಮಾಡುತ್ತಿದ್ದವರಲ್ಲಿ ಮರಣದ ಸಂಭವವೂ ಓಡಾಟದ ತೊಂದರೆಯೂ ಕಡಿಮೆಯಿತ್ತು. ಆದರೆ ಮಧುಮೇಹ, ಹೃದ್ರೋಗಗಳ ವಿಷಯದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಆರೋಗ್ಯವಂತರೇ ಸೇವೆಗೆ ಹೆಚ್ಚಾಗಿ ಬರುತ್ತಾರೆಂಬುದನ್ನೂ ಮರೆಯಲಾಗದು. ಸೇವೆಯು ಔಷಧಕ್ಕೆ ಪರ್ಯಾಯವೆಂದು ಯಾರೂ ಭಾವಿಸಬಾರದು.

ಇನ್ನೊಂದು ಅಧ್ಯಯನ ಜೈನರಿಗೆ ವಿಶೇಷವಾಗಿ ಮನನೀಯವಾಗಿದೆ. 2012ರಲ್ಲಿ ಪ್ರಕಟವಾದ ಆ ವರದಿಯಂತೆ, ಪರಹಿತಕ್ಕಾಗಿ ಸೇವೆ ಮಾಡಿದ ಹಿರಿಯರಲ್ಲಿ ನಾಲ್ಕು ವರ್ಷಗಳ ತರುವಾಯ ಮರಣದ ಪ್ರಮಾಣ ಕಡಿಮೆಯಿತ್ತು. ಸ್ವಂತ ಲಾಭಕ್ಕಾಗಿ ಸೇವೆ ಮಾಡಿದವರಲ್ಲಿಯಾದರೋ ಅದು ಸೇವೆಯನ್ನೇ ಮಾಡದವರಷ್ಟೇ ಇತ್ತು. ಫಲದ ಆಸೆಯನ್ನು ನಮ್ಮ ಶಾಸ್ತ್ರವು ‘ನಿದಾನ’ವೆಂದು ಕರೆದು, ಮೂರು ಶಲ್ಯಗಳಲ್ಲಿ ಒಂದೆಂದು ಎಚ್ಚರಿಸಿದೆ. ಆರೋಗ್ಯ ಬೇಕೆಂದು ಲೆಕ್ಕ ಹಾಕಿ ಮಾಡುವ ಸೇವೆಯೂ ಒಂದು ವ್ಯಾಪಾರವೇ. ಲೆಕ್ಕವನ್ನು ಮರೆತಾಗಲೇ ಲಾಭ ಬರುವುದು ಈ ವ್ಯಾಪಾರದ ವಿಚಿತ್ರ.

ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿ ಮನೆಯಲ್ಲಿ ಕುಳಿತ ಹಿರಿಯರ ಸ್ಥಿತಿಯನ್ನು ಗಮನಿಸಬೇಕು. ಗಲ್ಲಾಪೆಟ್ಟಿಗೆಯೊಂದಿಗೆ ದಿನಚರಿಯೂ, ಮಾತನಾಡಿಸುವ ಗಿರಾಕಿಗಳೂ ದೂರವಾಗುತ್ತಾರೆ. ಒಂಟಿತನದಿಂದ ಜಗತ್ತಿನಲ್ಲಿ ಗಂಟೆಗೆ ಸುಮಾರು 100 ಮರಣಗಳು ಸಂಭವಿಸುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಅಂದಾಜು ಮಾಡಿದೆ. ಸೇವೆಗೆ ಹೊರಡುವ ಹಿರಿಯರು ಹೊತ್ತಿಗೆ ಏಳುತ್ತಾರೆ, ನಾಲ್ಕು ಹೆಜ್ಜೆ ನಡೆಯುತ್ತಾರೆ, ಹತ್ತು ಜನರ ಹೆಸರು ನೆನಪಿಡುತ್ತಾರೆ. ತಮ್ಮಿಂದ ಇನ್ನೂ ಪ್ರಯೋಜನವಿದೆ ಎಂಬ ಅರಿವು ಅವರಿಗೆ ನೆಮ್ಮದಿ ಕೊಡುತ್ತದೆ.

ಗೋವೆಯಲ್ಲಿ ಸೇವೆಗೆ ಅವಕಾಶಗಳ ಕೊರತೆಯಿಲ್ಲ. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಾರವಾರದ ಕಡೆಯಿಂದಲೂ ಸಿಂಧುದುರ್ಗದಿಂದಲೂ ರೋಗಿಗಳು ಬರುತ್ತಾರೆ. ಕನ್ನಡ ಮಾತ್ರ ಬಲ್ಲ ವೃದ್ಧೆಗೆ ಕೊಂಕಣಿಯಲ್ಲಿ ಹೇಳಿದ್ದು ತಿಳಿಯದಿದ್ದಾಗ, ಎರಡೂ ಭಾಷೆ ಬಲ್ಲವರ ಒಂದು ಮಾತು ದೊಡ್ಡ ಉಪಕಾರವಾಗುತ್ತದೆ. ಹಲವು ಭಾಷೆಗಳ ನಮ್ಮ ಕುಟುಂಬಗಳಿಗೆ ಇದು ಸಹಜವಾಗಿ ಒದಗಿದ ಶಕ್ತಿ. ಆಸ್ಪತ್ರೆಯವರ ಅನುಮತಿ ಪಡೆದು ಈ ಸೇವೆ ಮಾಡಬಹುದು. ಚಿಕಿತ್ಸೆಯ ಸಲಹೆಯನ್ನು ಮಾತ್ರ ವೈದ್ಯರಿಗೇ ಬಿಡಬೇಕು.

ಸೇವೆಗೂ ಮಿತಿ ಅಗತ್ಯ. ಮೊಣಕಾಲು ನೋವುಳ್ಳವರು ಕುಳಿತು ಧಾನ್ಯ ಸೋಸಬಹುದು, ರಸೀದಿ ಬರೆಯಬಹುದು, ಪಾಠಶಾಲೆಯ ಮಕ್ಕಳಿಗೆ ಕಥೆ ಹೇಳಬಹುದು. ಮಧುಮೇಹಿಗಳು ವೈದ್ಯರನ್ನು ಕೇಳದೆ ಉಪವಾಸವಿದ್ದು ದುಡಿಯಬಾರದು. ರೋಗಿಯ ಆರೈಕೆಯನ್ನು ಮನೆಯ ಸೊಸೆಯೊಬ್ಬಳ ಮೇಲೆಯೇ ಹೊರಿಸದೆ ಎಲ್ಲರೂ ಹಂಚಿಕೊಳ್ಳಬೇಕು.

ಉತ್ಸವದ ದಿನಗಳಲ್ಲಿ ಸ್ವಯಂಸೇವಕರಿಗೆ ಕೊರತೆಯಿರುವುದಿಲ್ಲ. ಧ್ವಜ ಇಳಿಸಿದ ಮರುದಿನವೂ ಹಾಸಿಗೆ ಹಿಡಿದವರು ಹಾಸಿಗೆಯಲ್ಲೇ ಇರುತ್ತಾರೆ. ವಾರಕ್ಕೆ ಎರಡು ಗಂಟೆಗಳನ್ನು ಅಂಥವರಿಗಾಗಿ ಮೀಸಲಿಡುವ ಸಂಕಲ್ಪವನ್ನು ಪ್ರತಿಯೊಂದು ಕುಟುಂಬವೂ ಈ ಉತ್ಸವದಲ್ಲಿ ಕೈಗೊಂಡರೆ, ವೈಯಾವೃತ್ಯವು ವರ್ಷವಿಡೀ ನಡೆಯುವ ತಪಸ್ಸಾಗುವುದು.

ಜೈ ಜಿನೇಂದ್ರ.