ಬೆಂಕಿ ಅವಘಡ: ಮಣಿಪಾಲಕ್ಕೆ ಹೊರಡುವ ಮೊದಲು ಉಸಿರಿನ ತಪಾಸಣೆ

ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮಣಿಪಾಲದ ದೊಡ್ಡ ಆಸ್ಪತ್ರೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ. ಇದೇ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಕುಮಟಾ ತಾಲ್ಲೂಕಿನ ಬರ್ಗಿಯಲ್ಲಿ, 2015ರಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಹೊತ್ತಿಕೊಂಡು ಜೀವಹಾನಿಯಾದುದನ್ನು ಕರಾವಳಿ ಮರೆತಿಲ್ಲ. ಸುಟ್ಟಗಾಯದಲ್ಲಿ ಕಣ್ಣಿಗೆ ಬೀಳುವುದು ಚರ್ಮವಾದರೂ ಪ್ರಾಣಕ್ಕೆ ಎರವಾಗುವುದು ಎಷ್ಟೋ ಸಲ ಶ್ವಾಸಕೋಶ.

ಮೊದಲಿಗೆ ಗಾಯಾಳುವನ್ನು ಹೊಗೆಯಿಂದ ಹೊರತಂದು, 108ಕ್ಕೆ ಕರೆ ಮಾಡಿ, ಬಳೆ ಉಂಗುರಗಳನ್ನು ಕಳಚಿ, ಸುಟ್ಟ ಭಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ ಯಾವುದೂ ಬೇಡ. ಬೆಂಕಿ ತಗುಲಿದ ಸಮಯವನ್ನು ಬರೆದಿಡಬೇಕು, ಏಕೆಂದರೆ ಮೊದಲ 24 ಗಂಟೆಯ ಡ್ರಿಪ್‌ನ ಲೆಕ್ಕ ಆಸ್ಪತ್ರೆ ಸೇರಿದ ಹೊತ್ತಿನಿಂದಲ್ಲ, ಸುಟ್ಟ ಗಳಿಗೆಯಿಂದ ಶುರುವಾಗುತ್ತದೆ.

ಬಳಿಕ ಮುಖ ನೋಡಬೇಕು. ಮುಚ್ಚಿದ ಕೋಣೆಯಲ್ಲಿ ಸಿಲುಕಿದ್ದವರಲ್ಲಿ ಮೂಗಿನ ಕೂದಲು ಮುರುಟಿದ್ದರೆ, ಕಫದಲ್ಲಿ ಮಸಿ ಕಂಡರೆ, ಧ್ವನಿ ಒಡೆದಿದ್ದರೆ ಅಥವಾ ಉಸಿರೆಳೆಯುವಾಗ ಕೀರಲು ಸದ್ದು ಬಂದರೆ ಬಿಸಿಗಾಳಿ, ಹೊಗೆ ಶ್ವಾಸನಾಳಕ್ಕೆ ಇಳಿದಿರುವ ಶಂಕೆ ಬಲವಾಗುತ್ತದೆ. ಅಂಥವರಿಗೆ ಬಾಯಿಂದ ಏನನ್ನೂ ಕೊಡದೆ, ಎಚ್ಚರವಿದ್ದರೆ ಒರಗಿ ಕೂರಿಸಬೇಕು. ‘ಚೆನ್ನಾಗಿಯೇ ಮಾತಾಡುತ್ತಿದ್ದಾರೆ’ ಎಂಬ ಸಮಾಧಾನ ಇಲ್ಲಿ ಅಪಾಯಕಾರಿ. ಗಂಟಲಿನ ಊತ ಗಂಟೆಗಟ್ಟಲೆ ಏರುತ್ತ ಹೋಗಿ, ದಾರಿ ಮಧ್ಯದಲ್ಲೇ ಉಸಿರು ಕಟ್ಟಬಹುದು. ಆದ್ದರಿಂದ ಹೊನ್ನಾವರ ಅಥವಾ ಕುಮಟಾದ ಆಸ್ಪತ್ರೆಯಲ್ಲಿ ನಿಂತು, ಅಗತ್ಯವಿದ್ದರೆ ಶ್ವಾಸನಾಳಕ್ಕೆ ಕೊಳವೆ ಹಾಕಿಸಿಕೊಂಡು ಮುಂದುವರಿಯುವುದು ಕಾಲಹರಣವಲ್ಲ, ನೇರವಾಗಿ ದೊಡ್ಡ ಆಸ್ಪತ್ರೆಗೇ ಓಡುವ ರೂಢಿಗಿಂತ ಅದೇ ಜಾಣತನ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿದರೂ ಕೊಡುತ್ತಿರುವ ಆಮ್ಲಜನಕವನ್ನು ನಿಲ್ಲಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಅಂಟಿದ್ದನ್ನು ಆ ಉಪಕರಣ ಆಮ್ಲಜನಕವೆಂದೇ ಓದುತ್ತದೆ.

ಮೊದಲ ದಿನ ದಾಟಿದ ಮೇಲೂ ಕಾವಲು ಸಡಿಲಿಸುವಂತಿಲ್ಲ. ಹೊಗೆಯ ವಿಷ, ದೇಹವ್ಯಾಪಿ ಉರಿಯೂತ, ಸೋಂಕು, ಕೆಲವೊಮ್ಮೆ ಅತಿಯಾದ ಡ್ರಿಪ್, ಇವುಗಳಿಂದ ಸಾಮಾನ್ಯವಾಗಿ ವಾರದೊಳಗೆ ಎರಡೂ ಶ್ವಾಸಕೋಶಗಳ ಗಾಳಿಗೂಡುಗಳಲ್ಲಿ ನೀರು ತುಂಬುವ ಸ್ಥಿತಿ ಬರಬಹುದು. ವೈದ್ಯರು ಇದನ್ನು ಎಆರ್‌ಡಿಎಸ್, ಅಂದರೆ ತೀವ್ರ ಉಸಿರಾಟ ಸಂಕಷ್ಟದ ಲಕ್ಷಣಕೂಟ ಎನ್ನುತ್ತಾರೆ. ಆಗ ವೆಂಟಿಲೇಟರ್‌ನಲ್ಲಿ ಪ್ರತಿ ಉಸಿರಿಗೆ, ಎತ್ತರದಿಂದ ಲೆಕ್ಕ ಹಾಕಿದ ತೂಕದ ಕಿಲೋಗೆ ಸುಮಾರು 6 ಮಿಲಿಲೀಟರ್ ಗಾಳಿಯನ್ನಷ್ಟೇ ನೀಡುವುದು ವಾಡಿಕೆ, ಏಕೆಂದರೆ ಹೆಚ್ಚು ಊದಿದರೆ ಜರ್ಜರಿತ ಶ್ವಾಸಕೋಶ ಮತ್ತಷ್ಟು ಹರಿಯುತ್ತದೆ. ಎದೆಯ ಸುತ್ತ ಚರ್ಮ ಸುಟ್ಟು ಸೆಟೆದಿದ್ದರೆ ಅದನ್ನು ಸೀಳಿ ಎದೆಗೂಡಿಗೆ ಹಿಗ್ಗಲು ಅವಕಾಶ ಮಾಡಿಕೊಡುವುದೂ ಉಂಟು.

ಕೊಳವೆ ತೆಗೆದ ನಂತರದ ಕೆಲಸ ಮನೆಯವರದೂ ಹೌದು: ವೈದ್ಯರು ಹೇಳಿದಂತೆ ಆಳವಾಗಿ ಉಸಿರೆಳೆಸಿ, ಕೆಮ್ಮಿಸಿ ಕಫ ತೆಗೆಸಿ, ನಡೆದಾಡಿಸಬೇಕು, ಮನೆಗೆ ಬಂದ ಮೇಲೆ ಬೀಡಿ ಮತ್ತು ಒಲೆಯ ಹೊಗೆಯಿಂದ ದೂರವಿಟ್ಟು, ಜ್ವರ ಅಥವಾ ಏದುಸಿರು ಕಂಡ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು.